ಉರ್ದು ಆನ್‌ಲೈನ್ ಕ್ಲಾಸ್: ‘ಗಾ, ಗೇ, ಗೀ’ ಪಾಠ ಸೂಪರ್, ಆಡಿಯೋ ಮಾತ್ರ ಬೇಡಪ್ಪಾ

ಮೂರು ತಿಂಗಳಿಂದ ಈ ಕ್ಲಾಸ್‌ಗೆ ಹೋಗ್ತಿದ್ದೇನೆ. ಭವಿಷ್ಯತ್ ಕಾಲದ ಪಾಠ ನಿಜಕ್ಕೂ ಚೆನ್ನಾಗಿದೆ. ನಾವು ‘ನಾಳೆ ಬರ್ತೀನಿ’ ಅಂತ ಹೇಳಿ ಸುಮ್ನಾಗ್ತೀವಿ, ಹೇಳೋದು ಗಂಡಸೋ ಹೆಂಗಸೋ ಅನ್ನೋದು ಕ್ರಿಯಾಪದದಲ್ಲಿ ಗೊತ್ತೇ ಆಗಲ್ಲ, ಅಲ್ವಾ? ಉರ್ದುವಿನಲ್ಲಿ ಗಂಡಸು ‘ಮೈಂ ಆಊಂಗಾ’ ಅಂದರೆ ಹೆಂಗಸು ‘ಆಊಂಗೀ’ ಅನ್ನಬೇಕು. ನಾನು ಮೊದಲ ವಾರವೆಲ್ಲ ‘ಗಾ’ ಅಂತಲೇ ಹೇಳಿ ಗಂಡಸಾಗಿಬಿಟ್ಟಿದ್ದೆ!

‘ತುಮ್ ಕರೋಗೇ’ (ಸಲುಗೆಯಿಂದ ‘ನೀನು ಮಾಡ್ತೀಯ’), ‘ಆಪ್ ಕರೇಂಗೇ’ (ಗೌರವದಿಂದ ‘ನೀವು ಮಾಡ್ತೀರಿ’) ವ್ಯತ್ಯಾಸವನ್ನು ನಿಧಾನವಾಗಿ ಬಿಡಿಸಿ ಹೇಳ್ತಾರೆ. ‘ದೇನಾ’ (ಕೊಡೋದು) ಹೇಗೆ ‘ದೂಂಗಾ’ (ಕೊಡ್ತೀನಿ) ಆಗುತ್ತೆ ಅನ್ನೋದನ್ನು ಮಾತ್ರ ಒಂದೇ ಸಾಲಲ್ಲಿ ಮುಗಿಸಿದ್ದಾರೆ. ಬರೆಯುವಾಗ ‘ಗಾ’ವನ್ನು ಕ್ರಿಯಾಪದಕ್ಕೆ ಸೇರಿಸದೆ ಬಿಡಿಯಾಗಿ ಬರೀತಾರೆ ಅಂತ ಬೋರ್ಡ್ ಮೇಲೆ ತೋರಿಸಿದ್ದು ಇಷ್ಟವಾಯ್ತು.

ಆಡಿಯೋ ಮಾತ್ರ ಡಬ್ಬಾ. ‘ಊಂ’ ಅನ್ನೋ ಮೂಗಿನ ಸ್ವರ ಕೇಳಿಸೋದೇ ಇಲ್ಲ. ಫೀಸು ಸ್ವಲ್ಪ ಜಾಸ್ತಿ. ಐದಕ್ಕೆ ಮೂರೂವರೆ.