21 ಗೇರ್‌ಗಳನ್ನು ನೋಡಿ ಸೈಕಲ್ ಕೊಳ್ಳುವ ಮುನ್ನ

ದಿನವೂ ಕೆಲಸಕ್ಕೆ ಹೋಗಿಬರಲು ಸೈಕಲ್ ಕೊಳ್ಳಬೇಕೆಂದಿರುವವರಿಗೆ ನನಗಾದದ್ದು ಆಗದಿರಲೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಕೊಂಡ ಸೈಕಲ್ಲಿಗೆ 21 ಗೇರ್‌ಗಳು, ಮುಂದೆ ಶಾಕ್ ಅಬ್ಸಾರ್ಬರ್, ಎರಡೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದ್ದವು. ಕಡಿಮೆ ಬೆಲೆಗೆ ಇಷ್ಟೆಲ್ಲ ಸಿಗಬೇಕಾದರೆ ಒಂದೊಂದು ಭಾಗದ ಗುಣಮಟ್ಟವೂ ತಗ್ಗಿರಲೇಬೇಕೆಂಬುದು ಆಗ ಹೊಳೆಯಲಿಲ್ಲ.

ಕೆಲವು ತಿಂಗಳ ಬಳಿಕ, ನಿಲ್ಲಿಸಿದ್ದ ಸೈಕಲ್ ಬಲಮಗ್ಗುಲಿಗೆ ಉರುಳಿತು. ಗೀರು ಬಿಟ್ಟರೆ ಬೇರೇನೂ ಕಾಣದ್ದರಿಂದ ಹಾಗೆಯೇ ಓಡಿಸಿದೆ. ಆದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ತೂಗುವ ಸಣ್ಣ ಲೋಹದ ಕೊಂಡಿ ಒಳಕ್ಕೆ ಬಾಗಿತ್ತು. ಎರಡು ದಿನ ಕಳೆದು ಏರುದಾರಿಯಲ್ಲಿ ಅತ್ಯಂತ ಹಗುರವಾದ ಗೇರಿಗೆ ಬದಲಿಸಿದಾಗ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿ, ಹಿಂದಿನ ಚಕ್ರ ಥಟ್ಟನೆ ಬಿಗಿದುಕೊಂಡಿತು. ನಾನು ರಸ್ತೆಗೆ ಬಿದ್ದೆ, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಹಿಂದೆ ವಾಹನವೊಂದು ಬರುತ್ತಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಮನೆಯಲ್ಲಿ ಕುಳಿತಿದ್ದಾಗ ಸೈಕಲ್ಲಿನ ಹಲ್ಲುಚಕ್ರಗಳ ಹಲ್ಲುಗಳನ್ನು ಎಣಿಸಿದೆ. ಮುಂದಿನ ಮೂರು ಚಕ್ರಗಳಿಗೆ 28, 38, 48. ಹಿಂದಿನ ಏಳಕ್ಕೆ 14ರಿಂದ 28ರವರೆಗೆ. ಮುಂದಿನ 28ನ್ನು ಹಿಂದಿನ 14ರಿಂದ ಭಾಗಿಸಿದರೂ ಮುಂದಿನ 48ನ್ನು ಹಿಂದಿನ 24ರಿಂದ ಭಾಗಿಸಿದರೂ ಬರುವುದು 2, ಅಂದರೆ ಪೆಡಲಿನ ಒಂದು ಸುತ್ತಿಗೆ ಚಕ್ರದ ಎರಡು ಸುತ್ತು. ಹೀಗೆ ಹಲವು ಗೇರ್‌ಗಳು ಒಂದೇ ಕೆಲಸ ಮಾಡುತ್ತವೆ. ಅದರಲ್ಲೂ 28–14ರಂತಹ ಜೋಡಿಯಲ್ಲಿ ಚೈನು ಓರೆಯಾಗಿ ಓಡಿ ಬೇಗ ಸವೆಯುವುದರಿಂದ ಅದನ್ನು ಬಳಸದಿರುವುದೇ ಲೇಸು. ಸಮತಟ್ಟಾದ ದಾರಿಗೆ ಮುಂದೆ 44, ಹಿಂದೆ 18 ಹಲ್ಲುಗಳ ಒಂದೇ ಗೇರ್ ಸಾಕು. ಸಾಧಾರಣ ಏರಿಳಿತಗಳಿದ್ದರೆ ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೇ (ಗುಂಬದೊಳಗೇ) ಮೂರು ಗೇರ್‌ಗಳಿರುವ ಸೈಕಲ್ಲನ್ನು ನಾನು ಹೇಳುತ್ತೇನೆ: ಹೊರಗೆ ತೂಗಾಡಿ ಬಾಗುವ ಡಿರೇಲರ್ ಇಲ್ಲ, ನಿಂತಲ್ಲೇ ಗೇರ್ ಬದಲಿಸಬಹುದು. ಕಡಿದಾದ ಏರುಗಳಿಗೆ ಡಿರೇಲರ್ ಬೇಕಾದೀತು. ಆಗಲೂ ಮುಂದೆ ಒಂದೇ ಹಲ್ಲುಚಕ್ರ ಇರಲಿ.

ಬ್ರೇಕಿನ ವಿಷಯದಲ್ಲಿ ತಪ್ಪು ನನ್ನದೂ ಹೌದು. ಚೈನಿಗೆ ಎಣ್ಣೆ ಸಿಂಪಡಿಸುವಾಗ ಡಿಸ್ಕಿನ ಮೇಲೂ ಹನಿ ಬಿತ್ತು; ಬ್ರೇಕ್ ಕಿರುಗುಟ್ಟತೊಡಗಿ ಹಿಡಿತ ತಪ್ಪಿತು. ಡಿಸ್ಕನ್ನು ಎಷ್ಟು ಒರೆಸಿದರೂ ಅದನ್ನು ಒತ್ತಿ ಹಿಡಿಯುವ, ಎಣ್ಣೆ ಹೀರಿದ ಪ್ಯಾಡ್‌ಗಳು ಸರಿಹೋಗಲಿಲ್ಲ, ಹೊಸವನ್ನೇ ಹಾಕಿಸಬೇಕಾಯಿತು. ಅಲ್ಯೂಮಿನಿಯಂ ರಿಮ್ಮಿಗೆ ವಿ-ಬ್ರೇಕ್, ಅಂದರೆ ಎರಡು ತೋಳುಗಳಿಂದ ರಬ್ಬರನ್ನು ರಿಮ್ಮಿಗೆ ಒತ್ತುವ ಬ್ರೇಕ್, ಇದ್ದರೆ ರಬ್ಬರ್ ಸವೆದದ್ದು ಕಣ್ಣಿಗೇ ಕಾಣುತ್ತದೆ, ಮನೆಯಲ್ಲೇ ಬದಲಿಸಬಹುದು. ಹೊಳೆಯುವ ಉಕ್ಕಿನ ರಿಮ್ ಮಾತ್ರ ಬೇಡ. ಅದು ಮಳೆಯಲ್ಲಿ ನೆನೆದರೆ ರಬ್ಬರ್ ಜಾರುತ್ತದೆ, ಸೈಕಲ್ ನಿಲ್ಲುವುದಿಲ್ಲ. ಡಿಸ್ಕಿಗೆಂದೇ ಮಾಡಿದ ಎಷ್ಟೋ ಫ್ರೇಮುಗಳಲ್ಲಿ ವಿ-ಬ್ರೇಕ್ ಕೂರಿಸುವ ಗೂಟಗಳೇ ಇರುವುದಿಲ್ಲವಾದ್ದರಿಂದ ಆಮೇಲೆ ಬದಲಿಸೋಣವೆಂದರೆ ಆಗದು. ಹಣ ಕೊಡುವ ಮೊದಲೇ ಬಗ್ಗಿ ನೋಡಿಕೊಳ್ಳಿ.

ಡಿರೇಲರ್ ಇರುವ ಸೈಕಲ್ಲನ್ನೇ ಕೊಳ್ಳುವುದಾದರೆ, ಆ ಕೊಂಡಿಯನ್ನು ಬಿಚ್ಚಿ ಹೊಸದು ಹಾಕಲು ಬರುತ್ತದೆಯೇ ಎಂದು ಕೇಳಿ. ಸೈಕಲ್ ಎಂದಾದರೂ ಬಲಕ್ಕೆ ಬಿದ್ದರೆ, ಹಿಂದೆ ನಿಂತು ಡಿರೇಲರ್ ನೇರವಾಗಿ ತೂಗುತ್ತಿದೆಯೇ ಎಂದು ನೋಡದೆ ಹತ್ತಬೇಡಿ.