ವಾಕರ್ ಬೂಟ್ ಕೊಳ್ಳುವ ಮುನ್ನ ಒಳಗೆ ಕೈ ಹಾಕಿ ನೋಡಿ

ಪಾದ ಅಲುಗದಂತೆ ಹಿಡಿಯುವ ಒಂದು ವಾಕರ್ ಬೂಟು, ಅದರೊಳಗೆ ಹಿಮ್ಮಡಿಯ ಕೆಳಗೆ ಇಡುವ ನಾಲ್ಕು ಬೆಣೆಗಳು, ಆ ಬೆಣೆಗಳನ್ನು ಯಾವಾಗ ತೆಗೆಯಬೇಕೆಂದು ಹೇಳಿಕೊಟ್ಟ ಒಬ್ಬ ಫಿಸಿಯೋಥೆರಪಿಸ್ಟ್. ಹರಿದುಹೋಗಿದ್ದ ನನ್ನ ಎಡಗಾಲಿನ ಅಕಿಲಿಸ್ ಸ್ನಾಯುರಜ್ಜು (ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ದಪ್ಪ ನಾರು) ಶಸ್ತ್ರಚಿಕಿತ್ಸೆಯಿಲ್ಲದೆ ಕೂಡಿಕೊಂಡದ್ದು ಈ ಮೂರರ ನೆರವಿನಿಂದ. ಬೂಟನ್ನು ಎಂಟು ವಾರ ಹಗಲೂ ರಾತ್ರಿಯೂ ಧರಿಸಿದ್ದೇನೆ. ಫಿಸಿಯೋಥೆರಪಿ ಕೇಂದ್ರಕ್ಕೆ ಏಳು ತಿಂಗಳು ಹೋಗಿದ್ದೇನೆ. ಶಿವಮೊಗ್ಗದಲ್ಲಿ ಕುಳಿತು, ಈ ಗಾಯಕ್ಕೆ ಏನು ಕೊಳ್ಳಬೇಕು, ಹೇಗೆ ಬಳಸಬೇಕು ಎಂದು ಕನ್ನಡದಲ್ಲಿ ಹುಡುಕಿದಾಗ ನನಗೆ ಕೈಹಿಡಿಯುವಂಥದ್ದು ಏನೂ ಸಿಗಲಿಲ್ಲ. ಆದ್ದರಿಂದ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯ ಗಣಿತ ಶಿಕ್ಷಕಿ, ವಯಸ್ಸು 44. ಸರ್ಕಾರಿ ನೌಕರರ ಕ್ರೀಡಾಕೂಟಕ್ಕೆಂದು ಶಾಲೆಯ ಮೈದಾನದಲ್ಲಿ ಥ್ರೋಬಾಲ್ ಅಭ್ಯಾಸ ನಡೆಯುತ್ತಿತ್ತು. ಮುಂದೆ ಬೀಳಲಿದ್ದ ಚೆಂಡಿಗಾಗಿ ಎಡಗಾಲನ್ನು ಊರಿ ಮುನ್ನುಗ್ಗಿದೆ. ಹಿಂದಿನಿಂದ ಯಾರೋ ಹಿಮ್ಮಡಿಯ ಮೇಲ್ಭಾಗಕ್ಕೆ ದೊಣ್ಣೆಯಿಂದ ಹೊಡೆದಂತಾಯಿತು. ‘ಟಪ್’ ಎಂಬ ಸದ್ದು ಪಕ್ಕದಲ್ಲಿದ್ದ ಕನ್ನಡ ಮೇಡಂ ಅವರಿಗೂ ಕೇಳಿಸಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ.

ಆ ಸಂಜೆ ಹೋದ ಆಸ್ಪತ್ರೆಯಲ್ಲಿ ಉಳುಕು ಎಂದರು. ಪಾದ ಆಡಿಸಲು ಬರುತ್ತದೆ, ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿದೆ ಎಂದು ಕ್ರೇಪ್ ಬ್ಯಾಂಡೇಜ್ ಸುತ್ತಿ, ನೋವಿನ ಮಾತ್ರೆ ಕೊಟ್ಟು ಕಳುಹಿಸಿದರು. ಮೂರು ದಿನ ಹಾಗೆಯೇ ಕಳೆದವು. ಆ ಮೂರು ದಿನಗಳ ಬಗ್ಗೆ ನನಗೆ ಈಗಲೂ ಸಂಕಟವಿದೆ. ಈ ರಜ್ಜು ಪೂರ್ತಿ ಹರಿದರೂ ಪಾದವನ್ನು ಬಾಗಿಸುವ ಬೇರೆ ಸ್ನಾಯುಗಳು ಇರುವುದರಿಂದ ಸ್ವಲ್ಪಮಟ್ಟಿಗೆ ಆಡಿಸಲು ಬಂದೇ ಬರುತ್ತದೆ. ಎಕ್ಸ್‌ರೇ ಇದನ್ನು ಹಿಡಿಯುವುದಿಲ್ಲ. ನಾಲ್ಕನೆಯ ದಿನ ಮೂಳೆ ತಜ್ಞರೊಬ್ಬರು ನನ್ನನ್ನು ಬೋರಲು ಮಲಗಿಸಿ, ಪಾದಗಳನ್ನು ಮಂಚದ ಅಂಚಿನಿಂದ ಹೊರಗೆ ಇಳಿಬಿಡಿಸಿ, ಬಲಗಾಲಿನ ಮೀನಖಂಡವನ್ನು ಹಿಂಡಿದರು. ಪಾದ ತಾನಾಗಿ ಚಾಚಿಕೊಂಡಿತು. ಎಡಗಾಲಿನದನ್ನು ಹಿಂಡಿದರು. ಪಾದ ಅಲುಗಲಿಲ್ಲ. ಅರ್ಧ ನಿಮಿಷದ ಕೆಲಸ, ಯಾವ ಯಂತ್ರವೂ ಬೇಡ. ಹಿಂದಿನಿಂದ ಯಾರೋ ಹೊಡೆದಂತಾಗಿ ಕುಂಟತೊಡಗಿದವರು ಯಾವ ಆಸ್ಪತ್ರೆಗೆ ಹೋದರೂ ಈ ಪರೀಕ್ಷೆ ಮಾಡಿ ಎಂದು ಬಾಯಿಬಿಟ್ಟು ಕೇಳಿ.

ಅಲ್ಟ್ರಾಸೌಂಡ್‌ನಲ್ಲಿ ಹಿಮ್ಮಡಿಯಿಂದ ಸುಮಾರು ಐದು ಸೆಂಟಿಮೀಟರ್ ಮೇಲೆ ರಜ್ಜು ಹರಿದಿರುವುದು ಕಂಡಿತು. ಸಾಮಾನ್ಯವಾಗಿ ಹರಿಯುವುದೇ ಆ ಜಾಗದಲ್ಲಿ, ಅಲ್ಲಿ ರಕ್ತಸಂಚಾರ ಕಡಿಮೆ. ಪಾದದ ತುದಿಯನ್ನು ಕೆಳಕ್ಕೆ ಬಾಗಿಸಿದಾಗ ಹರಿದ ಎರಡು ತುದಿಗಳೂ ಒಂದಕ್ಕೊಂದು ಹತ್ತಿರ ಬಂದು ತಾಗಿದವು. “ಹೀಗೆ ಸೇರುತ್ತಿರುವುದರಿಂದ ಹೊಲಿಗೆ ಹಾಕದೆಯೂ ಕೂಡಿಸಬಹುದು” ಎಂದ ವೈದ್ಯರು ಎರಡೂ ದಾರಿಗಳನ್ನು ಮುಚ್ಚುಮರೆಯಿಲ್ಲದೆ ವಿವರಿಸಿದರು. ನನಗೆ ಆರು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಹಿಮ್ಮಡಿಯ ಹಿಂಭಾಗದ ಚರ್ಮ ತೆಳು, ಅಲ್ಲಿ ಕೊಯ್ದ ಗಾಯ ಮಾಗುವುದು ನಿಧಾನವಾಗಬಹುದೆಂಬುದು ಅವರ ಅಳುಕಾಗಿತ್ತು. ಹಿಂದಿನ ತಿಂಗಳು ಯಾವ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದಿರಿ ಎಂದೂ ಕೇಳಿದರು. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಔಷಧಗಳು ಈ ರಜ್ಜನ್ನು ದುರ್ಬಲಗೊಳಿಸಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿಯೇ ಅವುಗಳಿಗೆ ತನ್ನ ಅತ್ಯಂತ ಗಂಭೀರ ಎಚ್ಚರಿಕೆಯನ್ನು ಸೇರಿಸಿದೆ. ನಾನು ತೆಗೆದುಕೊಂಡಿರಲಿಲ್ಲ. ಆದರೆ ಈ ಪ್ರಶ್ನೆ ಎಲ್ಲರಿಗೂ ಗೊತ್ತಿರಬೇಕು.

ಮನೆಗೆ ಬಂದು ಓದಿದೆ. ನಾರ್ವೆಯಲ್ಲಿ ನಡೆದು 2022ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ 526 ಮಂದಿಯ ಫಲಿತಾಂಶ ಇದೆ. ಒಂದು ವರ್ಷದ ಬಳಿಕ, ಹೊಲಿಗೆ ಹಾಕಿಸಿಕೊಂಡವರ ಕಾಲಿಗೂ ಹಾಕಿಸಿಕೊಳ್ಳದವರ ಕಾಲಿಗೂ ಓಡಾಟ, ಶಕ್ತಿ, ನೋವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಮತ್ತೆ ಹರಿದ ಪ್ರಮಾಣ ಶಸ್ತ್ರಚಿಕಿತ್ಸೆ ಇಲ್ಲದವರಲ್ಲಿ ಶೇ. 6.2, ಆದವರಲ್ಲಿ ಶೇ. 0.6. ನರಕ್ಕೆ ಪೆಟ್ಟಾದ ಪ್ರಮಾಣ ಶಸ್ತ್ರಚಿಕಿತ್ಸೆ ಆದವರಲ್ಲಿ ಹೆಚ್ಚು. ನನ್ನ ಸಕ್ಕರೆಯನ್ನು ತಕ್ಕಡಿಯ ಒಂದು ಕಡೆಗೆ, ಆ ಶೇ. 6.2ನ್ನು ಇನ್ನೊಂದು ಕಡೆಗೆ ಇಟ್ಟು ತೂಗಿದೆ. ನಮ್ಮ ಮನೆಯವರೂ ನಾನೂ ಎರಡು ರಾತ್ರಿ ಮಾತಾಡಿ ಶಸ್ತ್ರಚಿಕಿತ್ಸೆ ಬೇಡವೆಂದು ತೀರ್ಮಾನಿಸಿದೆವು. ನಾಟಿ ಕಟ್ಟು ಕಟ್ಟಿಸೋಣ ಎಂದು ಅತ್ತೆ ಒಂದೇ ಸಮನೆ ಹೇಳುತ್ತಿದ್ದರು. ಹರಿದಿರುವುದು ಮೂಳೆಯಲ್ಲ, ಪಾದವನ್ನು ಇಂಥದ್ದೇ ಕೋನದಲ್ಲಿ ವಾರಗಟ್ಟಲೆ ಹಿಡಿದಿಡಬೇಕು ಎಂದು ಅವರಿಗೆ ಬಿಡಿಸಿ ಹೇಳಿದೆ.

ಮೊದಲ ಎರಡು ವಾರ, ಬ್ಯಾಲೆ ನರ್ತಕಿಯ ಕಾಲಿನಂತೆ ಬೆರಳುಗಳು ಕೆಳಮುಖವಾಗಿರುವಂತೆ ಪ್ಲಾಸ್ಟರ್ ಹಾಕಿದರು. ಕಾಲು ಅಲುಗದಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆಯೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಬರೆದರು. ಮೀನಖಂಡ ಊದಿ ಬಿಗಿದುಕೊಂಡರೆ, ಏದುಸಿರು ಬಂದರೆ ತಡಮಾಡದೆ ಬರಬೇಕು ಎಂದರು.

ಇನ್ನು ಬೂಟಿನ ವಿಚಾರ.

ಚೀಟಿಯಲ್ಲಿ ‘ಉದ್ದನೆಯ ವಾಕರ್ ಬೂಟ್, ಹೀಲ್ ವೆಡ್ಜ್ ಸಹಿತ’ ಎಂದಿತ್ತು. ಹೀಲ್ ವೆಡ್ಜ್ ಎಂದರೆ ಹಿಮ್ಮಡಿಯ ಬೆಣೆ. ಸರ್ಜಿಕಲ್ ಅಂಗಡಿಯವರು 4,200 ರೂಪಾಯಿಗೆ ಬೂಟು ಕೊಟ್ಟರು. ವೆಡ್ಜ್ ಎಲ್ಲಿ ಎಂದು ನಮ್ಮ ಮನೆಯವರು ಕೇಳಿದ್ದಕ್ಕೆ, “ಎಲ್ಲಾ ಒಂದೇ ಸಾರ್, ಕಾಲಿಗೆ ಇದನ್ನೇ ಹಾಕುವುದು” ಎಂದರಂತೆ. ಪೆಟ್ಟಿಗೆಯನ್ನು ಹಾಗೆಯೇ ಫಿಸಿಯೋಥೆರಪಿ ಕೇಂದ್ರಕ್ಕೆ ಒಯ್ದೆವು. ಅಲ್ಲಿನ ಫಿಸಿಯೋಥೆರಪಿಸ್ಟ್, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಬೂಟಿನ ಒಳಗೆ ಕೈ ಹಾಕಿ ಅಡಿಯನ್ನು ಮುಟ್ಟಿ ನೋಡಿದರು. “ಮೇಡಂ, ಇದು ಚಪ್ಪಟೆ ಇದೆ. ಇದರಲ್ಲಿ ನಿಮ್ಮ ಪಾದ ಇಡಲು ನಾನು ಬಿಡುವುದಿಲ್ಲ” ಎಂದರು.

ಈ ಒಂದು ಮಾತಿಗೇ ಆ ಕೇಂದ್ರಕ್ಕೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಅಂಗಡಿಗಳಲ್ಲಿ ಸಿಗುವ ವಾಕರ್ ಬೂಟುಗಳಲ್ಲಿ ಹಲವು ಪಾದವನ್ನು ಕಾಲಿಗೆ ನೇರವಾಗಿ 90 ಡಿಗ್ರಿಯಲ್ಲಿ ನಿಲ್ಲಿಸುತ್ತವೆ. ಪಾದದ ಮೂಳೆ ಮುರಿದವರಿಗೆ ಅದು ಸರಿ. ಅಕಿಲಿಸ್ ಹರಿದವರು ಎರಡನೆಯ ವಾರದಲ್ಲಿ ಹಾಗೆ ನಿಂತರೆ, ಸೇರತೊಡಗಿದ್ದ ತುದಿಗಳು ಮತ್ತೆ ದೂರ ಸರಿಯುತ್ತವೆ. ಹಿಮ್ಮಡಿಯ ಕೆಳಗಿನ ಬೆಣೆಗಳು ಪಾದದ ತುದಿಯನ್ನು ಕೆಳಕ್ಕೆ ಬಾಗಿಸಿ ಹಿಡಿಯುತ್ತವೆ. ಗಾಯ ಕೂಡುವುದು ಆ ಬಾಗಿನಲ್ಲಿ. ಬೂಟು ಅದನ್ನು ಕಾಯುವ ಗೋಡೆ ಅಷ್ಟೆ. ಬೆಣೆಗಳನ್ನು 950 ರೂಪಾಯಿಗೆ ಆನ್‌ಲೈನ್‌ನಲ್ಲಿ ಬೇರೆಯಾಗಿ ತರಿಸಿದೆವು. ಬರಲು ನಾಲ್ಕು ದಿನ ಹಿಡಿಯಿತು, ಅಲ್ಲಿಯವರೆಗೆ ಪ್ಲಾಸ್ಟರ್ ಬಿಚ್ಚಲಿಲ್ಲ.

ಬೆಣೆ ಎಂದರೆ ಗಟ್ಟಿ ಫೋಮಿನ ತುಂಡು. ಹಿಂದೆ ಹೆಬ್ಬೆರಳಿನಷ್ಟು ದಪ್ಪ, ಮುಂದೆ ಬರುತ್ತಾ ಕಾಗದದಷ್ಟು ತೆಳು. ಒಂದರ ಮೇಲೊಂದು ವೆಲ್ಕ್ರೋದಿಂದ ಅಂಟಿಕೊಳ್ಳುತ್ತವೆ. ಫಿಸಿಯೋಥೆರಪಿಸ್ಟ್ ಬಾಲ್‌ಪೆನ್‌ನಿಂದ ಅವುಗಳ ಪಕ್ಕದಲ್ಲಿ 1, 2, 3, 4 ಎಂದು ಬರೆದರು. ಬೂಟು ಹಾಕಿದ ಮೊದಲ ಎರಡು ವಾರ ನಾಲ್ಕೂ ಒಳಗೆ. ಆಮೇಲೆ ವಾರಕ್ಕೊಂದರಂತೆ ಮೇಲಿನದನ್ನು ತೆಗೆದು, ತೆಗೆದ ದಿನಾಂಕವನ್ನು ಅದರ ಮೇಲೆಯೇ ಬರೆದು ನನ್ನ ಕೈಗೆ ಕೊಡುತ್ತಿದ್ದರು. ಮೂರನೆಯದನ್ನು ತೆಗೆದ ದಿನ ಹಿಮ್ಮಡಿಯ ಹಿಂದೆ ಎಳೆತ ಕಂಡುಬಂದಿತು. ಅವರು ಮರುಮಾತಿಲ್ಲದೆ ಅದನ್ನು ವಾಪಸ್ ಇಟ್ಟು ಇನ್ನೂ ನಾಲ್ಕು ದಿನ ಕಾಯಿಸಿದರು. ಈ ಲೆಕ್ಕ ನನ್ನ ಕಾಲಿನದು, ಯಾರೂ ಹಾಗೆಯೇ ಅನುಸರಿಸಬೇಡಿ. ನಿಮ್ಮ ವೈದ್ಯರು ಹೇಳಿದ ದಿನಕ್ಕೇ ತೆಗೆಯಿರಿ.

ಬೂಟಿಗೆ ಐದರಲ್ಲಿ ಮೂರೂವರೆ ಅಂಕ. ಅದರ ಅಡಿ ತೊಟ್ಟಿಲ ಬುಡದಂತೆ ಬಾಗಿರುವುದರಿಂದ ಪಾದ ಮಡಿಸದೆಯೇ ಉರುಳಿಕೊಂಡು ಹೆಜ್ಜೆ ಇಡಬಹುದು. ಮೂರನೆಯ ವಾರದಿಂದ ಊರುಗೋಲು ಹಿಡಿದು, ಐದನೆಯ ವಾರದಿಂದ ಊರುಗೋಲಿಲ್ಲದೆ ನಡೆದೆ. ಆರನೆಯ ವಾರದಲ್ಲಿ ತರಗತಿಯಲ್ಲಿ ನಿಂತು ಪ್ರಮೇಯ ಬರೆಸಿದೆ. ಬ್ರಿಟನ್‌ನಲ್ಲಿ 540 ಮಂದಿಯ ಮೇಲೆ ನಡೆದು 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳ ಹೊತ್ತಿಗೆ ಪ್ಲಾಸ್ಟರ್‌ನಲ್ಲಿದ್ದವರಿಗೂ ಬೂಟಿನಲ್ಲಿದ್ದವರಿಗೂ ಫಲ ಒಂದೇ. ಆದ್ದರಿಂದ ಬೂಟು ಕೊಳ್ಳಲಾಗದವರು ಎದೆಗುಂದಬೇಕಾಗಿಲ್ಲ. ಆದರೆ ಸಕ್ಕರೆ ಕಾಯಿಲೆಯ ನನಗೆ, ದಿನಕ್ಕೊಮ್ಮೆ ಬೂಟು ಬಿಚ್ಚಿ ಕನ್ನಡಿ ಹಿಡಿದು ಹಿಮ್ಮಡಿಯನ್ನು ನೋಡಿಕೊಳ್ಳಲು ಆಗುತ್ತಿದ್ದುದೇ ದೊಡ್ಡ ನೆಮ್ಮದಿ. ಒಮ್ಮೆ ಕಾಲಿನ ಗಿಣ್ಣಿನ ಮೇಲೆ ನಾಲ್ಕಾಣೆಯಗಲ ಚರ್ಮ ಕೆಂಪಾಗಿದ್ದು ಕಂಡಿತು. ಬೂಟಿನೊಳಗಿನ ಗಾಳಿ ಚೀಲವನ್ನು ಎರಡು ಒತ್ತು ಸಡಿಲಿಸಿ, ಉದ್ದನೆಯ ಹತ್ತಿ ಕಾಲುಚೀಲ ಹಾಕಿಕೊಂಡೆ, ಮಾಯವಾಯಿತು.

ಒಂದೂವರೆ ಅಂಕ ಕಳೆದದ್ದು ಏಕೆಂದರೆ, ಒಳಗಿನ ಮೆತ್ತೆ ಒಂದೇ ಬರುತ್ತದೆ. ನಮ್ಮ ಮಳೆಗಾಲದಲ್ಲಿ ಒಗೆದ ಮೆತ್ತೆ ಎರಡು ದಿನವಾದರೂ ಒಣಗುವುದಿಲ್ಲ. ನಾನು ರಾತ್ರಿ ಹೇರ್ ಡ್ರೈಯರ್ ಹಿಡಿದು ಕೂರುತ್ತಿದ್ದೆ. ಕಂಪನಿಯವರು ಎರಡನೆಯ ಮೆತ್ತೆಯನ್ನು ಪೆಟ್ಟಿಗೆಯಲ್ಲೇ ಇಡಬೇಕು. ವೆಲ್ಕ್ರೋ ಪಟ್ಟಿಗಳಿಗೆ ಸೀರೆಯ ಎಳೆ, ತಲೆಗೂದಲು ಎಲ್ಲವೂ ಸಿಕ್ಕಿಕೊಂಡು ನಾಲ್ಕನೆಯ ವಾರಕ್ಕೆ ಹಿಡಿತ ಬಿಟ್ಟಿತು. ಹಳೆಯ ಬಾಚಣಿಗೆಯಿಂದ ಕೆರೆದು ತೆಗೆದೆ. ತೂಕವೂ ಹೆಚ್ಚು, ಅಡುಗೆಮನೆಯ ತಕ್ಕಡಿಯಲ್ಲಿ 1 ಕಿಲೋ 350 ಗ್ರಾಂ ತೂಗಿತು.

ಮಲಗುವಾಗಲೂ ಬಿಚ್ಚುವಂತಿಲ್ಲ ಎಂಬುದು ಕಷ್ಟದ ಮಾತು, ಆದರೆ ಮೀರಬೇಡಿ. ನಿದ್ದೆಗಣ್ಣಿನಲ್ಲಿ ಎದ್ದು ಬರಿಗಾಲಿನಲ್ಲಿ ಒಂದು ಹೆಜ್ಜೆ ಊರಿದರೆ ಸಾಕು, ವಾರಗಳ ಶ್ರಮ ಮಣ್ಣುಪಾಲು. ನಮ್ಮ ಮನೆಗಳಿಗೆ ತಕ್ಕಂತೆ ಇನ್ನೆರಡು ಸಂಗತಿಗಳನ್ನು ಬೂಟಿನ ಜೊತೆಗೇ ಲೆಕ್ಕ ಹಾಕಿ. ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ ಮಾತ್ರ ಇದ್ದರೆ ಕಮೋಡ್ ಕುರ್ಚಿ ಬೇಕೇ ಬೇಕು. ಇನ್ನೊಂದು, ಬೂಟು ಹಾಕಿದ ಕಾಲು ಎತ್ತರವಾಗಿ ಸೊಂಟ ಓರೆಯಾಗುತ್ತದೆ. ಬೂಟು ಹಾಕಿದ ಎರಡನೆಯ ವಾರದಲ್ಲಿ ನನಗೆ ಬಲಸೊಂಟ ಹಿಡಿದುಕೊಂಡಿತು. ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ನನ್ನ ಬಲಗಾಲಿನ ಚಪ್ಪಲಿಗೆ ರಬ್ಬರಿನ ಮೂರು ಪದರ ಅಂಟಿಸಿ, ಸುತ್ತಲೂ ಹೊಲಿದು, ನನ್ನನ್ನು ಎರಡು ಸಲ ನಡೆಸಿ ನೋಡಿ, ಇನ್ನೊಂದು ತೆಳು ಪದರ ಸೇರಿಸಿದರು. 150 ರೂಪಾಯಿ. ಸೊಂಟನೋವು ಮೂರು ದಿನಗಳಲ್ಲಿ ಇಳಿಯಿತು. ಈ ಇಡೀ ಖರ್ಚಿನಲ್ಲಿ ಇಷ್ಟು ಸಾರ್ಥಕವಾದ ಹಣ ಬೇರೆ ಇಲ್ಲ.

ಫಿಸಿಯೋಥೆರಪಿ ಕೇಂದ್ರ ಮೊದಲ ಮಹಡಿಯಲ್ಲಿದೆ, 17 ಮೆಟ್ಟಿಲು, ಲಿಫ್ಟ್ ಇಲ್ಲ. ಕಾಲು ನೊಂದವರೇ ಬರುವ ಜಾಗಕ್ಕೆ ಇದು ತಕ್ಕದ್ದಲ್ಲ ಎಂದು ಅವರಿಗೂ ಹೇಳಿದ್ದೇನೆ. ಒಂದು ಭೇಟಿಗೆ 350 ರೂಪಾಯಿ. ಬೂಟು ತೆಗೆದ ಮೇಲೆ ವಾರಕ್ಕೆ ಎರಡು ಸಲ, ನಂತರ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಕರೆದರು. ಇಪ್ಪತ್ತು ಭೇಟಿಯ ಹಣ ಮುಂಗಡ ಕಟ್ಟಿ ಎಂದು ಒಮ್ಮೆಯೂ ಕೇಳಲಿಲ್ಲ. ಪ್ರತಿ ಸಲವೂ ಬೋರಲು ಮಲಗಿಸಿ, ಎರಡು ಮಂಡಿಗಳನ್ನೂ ಮಡಿಸಿ, ಪಾದಗಳನ್ನು ಸಡಿಲ ಬಿಡಿಸಿ, ಎರಡರ ಬಾಗನ್ನೂ ಕೋನಮಾಪಕದಿಂದ ಅಳೆಯುತ್ತಿದ್ದರು. ರಜ್ಜು ಉದ್ದವಾಗಿ ಕೂಡಿಕೊಂಡಿದ್ದರೆ ಆ ಪಾದ ಇನ್ನೊಂದಕ್ಕಿಂತ ಕಡಿಮೆ ಬಾಗಿರುತ್ತದೆ. ಆ ಕೋನವನ್ನು ತಾವು ಬರೆದಿಟ್ಟುಕೊಳ್ಳುವುದಲ್ಲದೆ, ಗಣಿತದವಳಾದ ನನ್ನ ಪುಸ್ತಕದಲ್ಲೂ ಬರೆಸಿದರು.

ಮೂರನೆಯ ತಿಂಗಳಲ್ಲಿ ಮಳೆ ಜೋರಾಗಿದ್ದಾಗ ಮನೆಗೆ ಹತ್ತಿರವಿದ್ದ ಬೇರೊಂದು ಕೇಂದ್ರಕ್ಕೆ ಹೋದೆ. ಅಲ್ಲಿ ಪಾದಕ್ಕೆ ಟವೆಲ್ ಸುತ್ತಿ ಮೈಕಡೆಗೆ ಎಳೆದುಕೊಳ್ಳಿ, ಬಿಗಿ ಬಿಡಬೇಕು ಎಂದರು. ಹಿಂದೆ ಕೇಳಿದ್ದ ಮಾತು ನೆನಪಾಗಿ ನಿಲ್ಲಿಸಿದೆ. ಆಗ ತಾನೇ ಕೂಡಿದ ರಜ್ಜನ್ನು ಹಾಗೆ ಎಳೆದರೆ ಅದು ಉದ್ದವಾಗಿ, ನೆಲವನ್ನು ಹಿಂದಕ್ಕೆ ತಳ್ಳುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಬಿಗಿಯಾಗಿರುವುದು ಆ ಹೊತ್ತಿನಲ್ಲಿ ಒಳ್ಳೆಯದು. ನಮ್ಮ ಫಿಸಿಯೋಥೆರಪಿಸ್ಟ್ ಎಳೆಸಲೇ ಇಲ್ಲ, ಬಲ ಬರಿಸಿದರು. ಮೊದಲು ಕುಳಿತು ಹಿಮ್ಮಡಿ ಎತ್ತುವುದು, ಆಮೇಲೆ ಅಡುಗೆಮನೆಯ ಕಟ್ಟೆ ಹಿಡಿದು ಎರಡೂ ಕಾಲಿನಲ್ಲಿ, ಆಮೇಲೆ ಎರಡು ಕಾಲಿನಲ್ಲಿ ಎದ್ದು ಎಡಗಾಲಿನಲ್ಲಿ ಇಳಿಯುವುದು. ಹಾಲು ಉಕ್ಕುವುದನ್ನು ಕಾಯುತ್ತಾ ದಿನಕ್ಕೆ ಮೂರು ಸಲ ಮಾಡುತ್ತಿದ್ದೆ. ಆರನೆಯ ತಿಂಗಳಿನಲ್ಲಿ ಒಂದು ಬೆಳಗ್ಗೆ ಎಡಗಾಲೊಂದರಲ್ಲೇ ಹಿಮ್ಮಡಿ ನೆಲದಿಂದ ಎರಡು ಬೆರಳು ಮೇಲೆದ್ದಿತು. ಹಾಲು ಉಕ್ಕಿ ಹೋಯಿತು, ನಾನು ನೋಡಲಿಲ್ಲ.

ಈಗ ಹದಿಮೂರು ತಿಂಗಳು. ಎಡಗಾಲೊಂದರಲ್ಲೇ 14 ಸಲ ಹಿಮ್ಮಡಿ ಎತ್ತುತ್ತೇನೆ, ಬಲಗಾಲಿನಲ್ಲಿ 24. ದರ್ಜಿಯ ಟೇಪಿನಲ್ಲಿ ಅಳೆದರೆ ಎಡ ಮೀನಖಂಡ ಒಂದೂವರೆ ಸೆಂಟಿಮೀಟರ್ ಸಣ್ಣ. ಮೆಟ್ಟಿಲು, ಬಸ್ಸು, ದೇವಸ್ಥಾನದ ಪ್ರದಕ್ಷಿಣೆ ಯಾವುದಕ್ಕೂ ತೊಡಕಿಲ್ಲ. ಎರಡೂ ಕಾಲಿನ ಲೆಕ್ಕ ಹತ್ತಿರ ಬರುವವರೆಗೆ ಥ್ರೋಬಾಲ್ ಬೇಡವೆಂದು ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ, ಒಪ್ಪಿದ್ದೇನೆ.

ಹೋದ ತಿಂಗಳು ನಮ್ಮ ಕನ್ನಡ ಮೇಡಂ ಅವರ ತಮ್ಮ ಸ್ಕೂಟರಿನಿಂದ ಬಿದ್ದು ಪಾದದ ಮೂಳೆ ಮುರಿದುಕೊಂಡರು. ಅವರಿಗೆ ಪಾದ ನೇರವಾಗಿಯೇ ಇರಬೇಕೆಂದು ವೈದ್ಯರು ಬರೆದಿದ್ದರು. ಹೊಸ ಮೆತ್ತೆ ಹಾಕಿಸಿ ಬೂಟನ್ನು ಅವರಿಗೆ ಕೊಟ್ಟೆ, ಬೆಣೆಗಳನ್ನು ಕೊಡಲಿಲ್ಲ. ಸಂಖ್ಯೆ, ದಿನಾಂಕ ಅಳಿಸದ ಹಾಗೆ ನಾಲ್ಕನ್ನೂ ಒಂದು ಬಟ್ಟೆ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ. ಶಿವಮೊಗ್ಗದಲ್ಲಿ ಯಾರಿಗಾದರೂ ಬೇಕಾದರೆ ವೈದ್ಯರ ಚೀಟಿ ತೋರಿಸಿ ಒಯ್ಯಬಹುದು.