ಎರಡು ಅಡಿಯ ಗಿಡದ ತೊಟ್ಟಿ: ₹4,270 ಖರ್ಚು, ಎರಡು ವರ್ಷ ನಾಲ್ಕು ತಿಂಗಳ ಬಳಕೆ

ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿರುವ ಗಿಡದ ಅಕ್ವೇರಿಯಂಗೆ ಈ ತಿಂಗಳು ಎರಡು ವರ್ಷ ನಾಲ್ಕು ತಿಂಗಳು ತುಂಬಿತು. ಇದನ್ನು ಶುರು ಮಾಡುವ ಮೊದಲು ಅಂಗಡಿಯೊಂದರಲ್ಲಿ ವಿಚಾರಿಸಿದಾಗ ತೊಟ್ಟಿ, ಸ್ಟ್ಯಾಂಡ್, ಆಮದು ಮಣ್ಣು, ವಿಶೇಷ ದೀಪ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಎಲ್ಲ ಸೇರಿಸಿ ಇಪ್ಪತ್ತೆರಡು ಸಾವಿರ ರೂಪಾಯಿಯ ಲೆಕ್ಕ ಬರೆದುಕೊಟ್ಟರು. ಮೀನುಗಳನ್ನು ಬಿಟ್ಟರೆ, ನಾನು ಶುರುವಿನಲ್ಲಿ ಖರ್ಚು ಮಾಡಿದ್ದು ₹4,270. ಆ ಹಣದಲ್ಲಿ ಯಾವುದು ಬಾಳಿತು, ಯಾವುದು ದಂಡವಾಯಿತು, ಎಲ್ಲಿ ಉಳಿಸಲು ಹೋಗಿ ಕೆಟ್ಟೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಆರು ಮಿಲಿಮೀಟರ್ ಗಾಜಿನಲ್ಲಿ ಅಳತೆ ಕೊಟ್ಟು ಅಂಟಿಸಿದ 24×12×12 ಅಂಗುಲದ ತೊಟ್ಟಿಗೆ ₹1,400, ಕಟ್ಟಡಗಳ ಹೊರಗೆ ಹಾಕುವ 20 ವಾಟ್‌ನ ಎಲ್‌ಇಡಿ ಫ್ಲಡ್ ಲೈಟ್‌ಗೆ ₹450, ಟೈಮರ್‌ಗೆ ₹350, ಸ್ಪಂಜ್ ಫಿಲ್ಟರ್ ಮತ್ತು ಏರ್ ಪಂಪ್‌ಗೆ ₹530, ಗಿಡಗಳಿಗೆ ₹600, ಅಮೋನಿಯಾ ಪರೀಕ್ಷೆಯ ಕಿಟ್‌ಗೆ ₹450, ತೊಟ್ಟಿಯ ಕೆಳಗಿನ ಥರ್ಮೋಕೋಲ್‌ಗೆ ₹40, ಗೊಬ್ಬರಕ್ಕೆ ₹450 ಆಯಿತು. ಸ್ಟ್ಯಾಂಡ್ ಕೊಳ್ಳಲಿಲ್ಲ, ಗೋಡೆಗೆ ಸೇರಿದ ಕಡಪ ಕಲ್ಲಿನ ಕಟ್ಟೆಯೊಂದು ಮನೆಯಲ್ಲಿ ಮೊದಲೇ ಇತ್ತು. ತೊಟ್ಟಿ ಅಂಚಿನವರೆಗೆ 56 ಲೀಟರ್ ಹಿಡಿಯುತ್ತದೆ, ಮಣ್ಣು ಮರಳು ಹಾಕಿದ ಮೇಲೆ ನಿಲ್ಲುವ ನೀರು ಸುಮಾರು 45 ಲೀಟರ್. ಎಲ್ಲ ಸೇರಿ 75 ಕೆಜಿ ತೂಗುವುದರಿಂದ ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ.

ಮಣ್ಣಿನ ವಿಷಯದಲ್ಲಿ ಮಾತ್ರ ನಾನು ಎರಡು ಸಲ ಕೆಲಸ ಮಾಡಬೇಕಾಯಿತು. ತೋಟದ ಮಣ್ಣಿನ ಮೇಲೆ ಮರಳು ಹೊದಿಸಿ, ಮೀನಿನ ಹಿಕ್ಕೆಯನ್ನೇ ಗಿಡಕ್ಕೆ ಗೊಬ್ಬರವಾಗಿಸುವ ಕ್ರಮವನ್ನು ಹವ್ಯಾಸಿಗಳು ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಅವರ ಹೆಸರಿನಿಂದ ಕರೆಯುತ್ತಾರೆ. ಅದನ್ನು ಓದಿಕೊಂಡು ತಿಪಟೂರಿನ ಹತ್ತಿರದ ನಮ್ಮ ಭಾವನ ತೋಟಕ್ಕೆ ಹೋಗಿ, ತೆಂಗಿನ ಮರದ ಪಾತಿಯಿಂದ ಒಂದು ಚೀಲ ಕಪ್ಪು ಮಣ್ಣು ತುಂಬಿಕೊಂಡು ಬಂದೆ. ಆ ಪಾತಿಗೆ ಹಿಂದಿನ ತಿಂಗಳಷ್ಟೇ ಕುರಿಗೊಬ್ಬರ ಹಾಕಿದ್ದರೆಂಬುದನ್ನು ನಾನು ಕೇಳಲಿಲ್ಲ. ನೀರು ತುಂಬಿದ ದಿನ ತೊಟ್ಟಿ ಚಹಾ ಬಣ್ಣಕ್ಕೆ ತಿರುಗಿತು. ಅಮ್ಮ ಬಂದು ನೋಡಿ, "ಏನೋ ಇದು, ಕೊಟ್ಟಿಗೆ ತೊಳೆದ ನೀರು ತಂದು ತುಂಬಿಸಿಟ್ಟಿದ್ದೀಯಲ್ಲ" ಎಂದರು. ಮೀನು ಕೊಟ್ಟವರು ಎರಡು ದಿನ ಬಿಟ್ಟು ಬಿಡಬಹುದು ಎಂದಿದ್ದರು, ಮೂರನೆಯ ದಿನ ಆರು ಗಪ್ಪಿ ಬಿಟ್ಟೆ. ಐದನೆಯ ದಿನದ ಬೆಳಿಗ್ಗೆ ಆರೂ ಮೇಲೆ ತೇಲುತ್ತಿದ್ದವು. ಅಮೋನಿಯಾ ಕಿಟ್ಟನ್ನು ಆಗ ಮೊದಲ ಸಲ ಬಿಚ್ಚಿದೆ, ಪರೀಕ್ಷೆಯ ಕೊಳವೆಯ ನೀರು ಕಡು ಹಸಿರಾಯಿತು, ಅಂದರೆ ಮೀನಿಗೆ ವಿಷವಾದ ಅಮೋನಿಯಾ ಮಿತಿ ಮೀರಿತ್ತು. ಕಿಟ್ ಕೊಂಡು ಡಬ್ಬದಲ್ಲಿಟ್ಟವನಿಗೆ ಬೇರೆ ಫಲ ಬರಲಾರದು.

ಎರಡನೆಯ ಸಲ ಭಾವನೇ ದಾರಿ ತೋರಿಸಿದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಹೊಲಕ್ಕೆ ಹೊಡೆಯುವ ಗೋಡು ಮಣ್ಣು ಅವರ ಬದುವಿನ ಮೇಲೆ ಒಂದು ವರ್ಷದಿಂದ ಒಣಗಿ ಬಿದ್ದಿತ್ತು. ಗೊಬ್ಬರ ಕಾಣದ ಕೆಂಪು ಮಣ್ಣು ಮೂರು ಪಾಲಿಗೆ ಆ ಗೋಡು ಒಂದು ಪಾಲು ಬೆರೆಸಿ, ಬಾನಿಯಲ್ಲಿ ನೆನೆಹಾಕಿ, ಮೇಲೆ ತೇಲುವ ಬೇರು, ನಾರು, ಹುಲ್ಲಿನ ಕಡ್ಡಿಗಳನ್ನು ಬಸಿದು ಚೆಲ್ಲಿ, ಉಳಿದದ್ದನ್ನು ತಾರಸಿಯ ಮೇಲೆ ಬಿಸಿಲಿಗೆ ಹರಡಿ ಬಿರುಕು ಬಿಡುವವರೆಗೆ ಒಣಗಿಸಿದೆ. ಹೀಗೆ ಮೂರು ಸಲ ನೆನೆಸಿ ಒಣಗಿಸುವಷ್ಟರಲ್ಲಿ ಮಣ್ಣಿನ ವಾಸನೆಯೇ ಬದಲಾಗುತ್ತದೆ. ಕೊಳೆಯುವ ಸಾವಯವ ಅಂಶ ತೊಟ್ಟಿಗೆ ಇಳಿಯುವ ಮೊದಲೇ ಕೊಳೆತು ಮುಗಿದಿರುತ್ತದೆ. ಒಂದು ಅಂಗುಲ ಈ ಮಣ್ಣು, ಮೇಲೆ ಒಂದೂವರೆ ಅಂಗುಲ ಜರಡಿ ಹಿಡಿದು ತೊಳೆದ ಹೊಳೆ ಮರಳು, ಇಷ್ಟೇ ನಮ್ಮ ತಳ. ಮರಳಿನಲ್ಲಿ ಸುಣ್ಣಕಲ್ಲು ಇದೆಯೇ ಎಂದು ತಿಳಿಯಲು ನಿಂಬೆರಸ ಹಿಂಡಿ ನೋಡಿದೆ, ನೊರೆ ಬರಲಿಲ್ಲ. ಮಣ್ಣಿನ ಪದರ ಇದಕ್ಕಿಂತ ದಪ್ಪವಾದರೆ ಗಾಳಿ ಸೋಕದೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಕಟ್ಟಿಕೊಳ್ಳುತ್ತದೆ, ಹಾಗಾಗಿ ಆಸೆಪಡುವುದು ಬೇಡ. ಆಮದು ಮಣ್ಣಿನ ಚೀಲಕ್ಕೆ ಕೊಡಬೇಕಾಗಿದ್ದ ಹಣವೆಲ್ಲ ಉಳಿದದ್ದು ಇಲ್ಲಿಯೇ.

ಗಿಡ ನೆಟ್ಟ ಮೇಲೆ ಐದು ವಾರ ಮೀನಿಲ್ಲದ ತೊಟ್ಟಿಯನ್ನು ನೋಡುತ್ತ ಕುಳಿತೆ. ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಗೊಳ್ಳಲು ಅಷ್ಟು ಕಾಲ ಬೇಕು. ಕೊಳವೆ ಬಾವಿಯ ನೀರು ಬಳಸುವವರು ಇಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು, ಏಕೆಂದರೆ ಪಿಎಚ್ ಎಂಟು ದಾಟಿದ ನೀರಿನಲ್ಲಿ ಅಷ್ಟೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ.

ಫ್ಲಡ್ ಲೈಟ್ ಬಗ್ಗೆ ನನ್ನ ಅಭಿಪ್ರಾಯ ಬಹಳ ಒಳ್ಳೆಯದು. 6500 ಕೆಲ್ವಿನ್‌ನ ಬಿಳಿ ಬೆಳಕಿನದನ್ನೇ ಕೇಳಿ ಕೊಂಡೆ; ಹಳದಿ ಬೆಳಕಿನಲ್ಲಿಯೂ ಗಿಡ ಬೆಳೆಯುತ್ತದೆ, ಆದರೆ ನೋಡಲು ಹಸಿರು ಮಂಕಾಗಿರುತ್ತದೆ. ತೊಂದರೆ ದೀಪದ್ದಲ್ಲ, ನನ್ನದು. ಕಚೇರಿಯಿಂದ ಬಂದ ಮೇಲೂ ತೊಟ್ಟಿ ಹೊಳೆಯುತ್ತಿರಲಿ ಎಂದು ದಿನಕ್ಕೆ ಹನ್ನೊಂದು ಗಂಟೆ ಉರಿಸಿದೆ. ಎರಡನೆಯ ತಿಂಗಳಿನಲ್ಲಿ ಗಿಡಗಳ ಮೇಲೆಲ್ಲ ಕೂದಲಿನಂತಹ ಪಾಚಿ ಹಬ್ಬಿ, ಹಲ್ಲುಜ್ಜುವ ಹಳೆಯ ಬ್ರಷ್ಷಿಗೆ ಸುತ್ತಿ ಸುತ್ತಿ ತೆಗೆದರೂ ಮಾರನೆಯ ದಿನ ಅಷ್ಟೇ ಇರುತ್ತಿತ್ತು. ದೀಪವನ್ನು ನೀರಿನಿಂದ ಇಪ್ಪತ್ತು ಅಂಗುಲ ಮೇಲಕ್ಕೆ ಏರಿಸಿ, ಟೈಮರನ್ನು ಸಂಜೆ ನಾಲ್ಕರಿಂದ ರಾತ್ರಿ ಹತ್ತಕ್ಕೆ ಇಟ್ಟ ಮೇಲೆ, ಮೂರು ವಾರದಲ್ಲಿ ಪಾಚಿ ತಾನಾಗಿ ಹಿಮ್ಮೆಟ್ಟಿತು. ಟೈಮರ್ ಇಲ್ಲದೆ ಈ ದೀಪವನ್ನು ಯಾರೂ ಕೊಳ್ಳಬಾರದೆಂದೇ ನಾನು ಹೇಳುತ್ತೇನೆ.

ಅಗ್ಗದ ಏರ್ ಪಂಪ್ ಮಾತ್ರ ದಂಡ. ಹದಿನಾಲ್ಕನೆಯ ತಿಂಗಳಿಗೆ ಒಳಗಿನ ರಬ್ಬರ್ ಹರಿದು ಸದ್ದು ಮಾಡುವ ಪೆಟ್ಟಿಗೆಯಾಯಿತು. ಅದಕ್ಕಿಂತ ದೊಡ್ಡ ಪ್ರಸಂಗ ಮೊದಲ ಮಳೆಗಾಲದ್ದು. ಪಂಪನ್ನು ನೆಲದ ಹತ್ತಿರ, ಎಕ್ಸ್‌ಟೆನ್ಷನ್ ಬೋರ್ಡಿನ ಪಕ್ಕದಲ್ಲಿ ಇಟ್ಟಿದ್ದೆ. ರಾತ್ರಿ ಕರೆಂಟು ಹೋದಾಗ ತೊಟ್ಟಿಯ ನೀರು ಗಾಳಿಯ ಕೊಳವೆಯಲ್ಲಿ ಹಿಂದಕ್ಕೆ ಹರಿದು, ಪಂಪಿನ ಮೂಲಕ ತೊಟ್ಟಿಕ್ಕಿ, ಬೋರ್ಡಿನ ಸುತ್ತ ನಿಂತಿತ್ತು. ಬೆಳಿಗ್ಗೆ ಕಾಲಿಗೆ ತಣ್ಣಗೆ ಹತ್ತಿದಾಗ ಗೊತ್ತಾಯಿತು. ಅಷ್ಟರಲ್ಲಿ ಕರೆಂಟು ಇನ್ನೂ ಬಂದಿರಲಿಲ್ಲ ಎಂಬುದು ನಮ್ಮ ಪುಣ್ಯ. ನೀರನ್ನು ಹಿಂದಕ್ಕೆ ಬಿಡದ ಚಿಕ್ಕ ವಾಲ್ವ್ ಇಪ್ಪತ್ತು ರೂಪಾಯಿಗೆ ಸಿಗುತ್ತದೆ. ಈಗ ಅದನ್ನು ಹಾಕಿದ್ದೇನೆ, ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಟ್ಟಿದ್ದೇನೆ, ಮತ್ತು ಪ್ರತಿಯೊಂದು ವೈರೂ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಕ್ಕೆ ಜೋತು ಮೇಲೇರುವಂತೆ ಬಿಟ್ಟಿದ್ದೇನೆ. ವೈರಿನ ಗುಂಟ ಹರಿದ ಹನಿ ಆ ಜೋಲಿನಲ್ಲಿಯೇ ಬಿದ್ದುಹೋಗುತ್ತದೆ.

ಸಕ್ಕರೆ ಮತ್ತು ಈಸ್ಟ್ ಬೆರೆಸಿದ ಬಾಟಲಿಯಿಂದ ಕಾರ್ಬನ್ ಡೈಆಕ್ಸೈಡ್ ಕೊಡುವ ಪ್ರಯೋಗವನ್ನು ಮೂರು ತಿಂಗಳು ಮಾಡಿ ಬಿಟ್ಟೆ. ಬೇಸಿಗೆಯಲ್ಲಿ ವಾರಕ್ಕೇ ಹುಳಿದು ಮುಗಿಯುತ್ತಿತ್ತು, ರಾತ್ರಿ ನಿಲ್ಲಿಸುವ ಉಪಾಯವೂ ಇರಲಿಲ್ಲ.

ಇಡೀ ಪಟ್ಟಿಯಲ್ಲಿ ಅತ್ಯಂತ ಲಾಭದ ಖರೀದಿ ಎಂದರೆ ರೈತರ ಗೊಬ್ಬರದಂಗಡಿಯಲ್ಲಿ ತಂದ ಎರಡು ಪೊಟ್ಟಣಗಳು: ಡ್ರಿಪ್‌ಗೆ ಬಿಡುವ 13:0:45, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಮತ್ತು 0:52:34, ಅಂದರೆ ಮೋನೋ ಪೊಟ್ಯಾಸಿಯಂ ಫಾಸ್ಫೇಟ್. ಅಕ್ವೇರಿಯಂ ಗೊಬ್ಬರವೆಂದು ಸಣ್ಣ ಬಾಟಲಿಗಳಲ್ಲಿ ಮಾರುವ ದ್ರವಗಳಲ್ಲಿಯೂ ಬಹುಪಾಲು ಇವೇ ಲವಣಗಳಿರುತ್ತವೆ. 13:0:45ರ 20 ಗ್ರಾಂ ಪುಡಿಯನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿಟ್ಟು, ವಾರಕ್ಕೊಮ್ಮೆ ನೀರು ಬದಲಿಸಿದ ನಂತರ 10 ಮಿಲಿಲೀಟರ್ ಹಾಕಿದರೆ, 45 ಲೀಟರಿನ ತೊಟ್ಟಿಯಲ್ಲಿ ಪ್ರತಿ ಲೀಟರಿಗೆ ಸುಮಾರು 5 ಮಿಲಿಗ್ರಾಂ ನೈಟ್ರೇಟ್ ಸೇರುತ್ತದೆ. ಫಾಸ್ಫೇಟ್ ಇದರ ಹತ್ತನೆಯ ಒಂದು ಪಾಲು ಸಾಕು. ಅದೇ ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವ 19:19:19 ಅನ್ನು ಮಾತ್ರ ತರಬಾರದು. ಅದರ ಸಾರಜನಕದ ಬಹುಭಾಗ ಯೂರಿಯಾ ಮತ್ತು ಅಮೋನಿಯಂ ರೂಪದಲ್ಲಿದ್ದು, ಮೀನಿಗೆ ನೇರ ವಿಷ. ಒಂದೊಂದು ಕೆಜಿಯ ಪೊಟ್ಟಣದಲ್ಲಿ ಇಷ್ಟು ದಿನಕ್ಕೆ ಖರ್ಚಾದದ್ದು ನೂರು ಗ್ರಾಮೂ ಇಲ್ಲ, ಉಳಿದದ್ದನ್ನು ಗುಲಾಬಿ ಕುಂಡಗಳು ತಿನ್ನುತ್ತಿವೆ.

ಗಿಡಗಳಲ್ಲಿ ಯಾವುದು ಬದುಕಬೇಕೆಂದು ತೀರ್ಮಾನಿಸಿದ್ದು ನಮ್ಮ ನೀರು. ಮನೆಯ ನೆಲದಡಿಯ ಸಂಪ್‌ಗೆ ಕಾವೇರಿ ನೀರೂ ಕೊಳವೆ ಬಾವಿಯ ನೀರೂ ಬೆರೆತು ಬರುತ್ತವೆ, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ 600ರ ಮೇಲೆಯೇ ನಿಲ್ಲುತ್ತದೆ. ವ್ಯಾಲಿಸ್ನೇರಿಯಾ ಅಂತಹ ಗಡಸು ನೀರಿನ ಬೈಕಾರ್ಬನೇಟಿನಿಂದಲೇ ಇಂಗಾಲ ಹೀರಬಲ್ಲದು, ಹಾಗಾಗಿ ನೆಟ್ಟ ಆರು ಬುಡಗಳು ಹಿಂಬದಿಯ ಗಾಜನ್ನೆಲ್ಲ ಮುಚ್ಚಿವೆ. ಕಬೊಂಬಾ ಎರಡು ವಾರದಲ್ಲಿ ಪುಡಿಪುಡಿಯಾಯಿತು. ಶ್ರೀಲಂಕಾ ಮೂಲದ ಕ್ರಿಪ್ಟೋಕೋರೈನ್ ನೆಟ್ಟ ಹತ್ತು ದಿನಕ್ಕೆ ಎಲೆಗಳನ್ನೆಲ್ಲ ಕರಗಿಸಿಕೊಂಡು ಬೋಳಾದಾಗ ಕಿತ್ತೆಸೆಯಲು ಹೊರಟಿದ್ದೆ. ಜಾಗ ಬದಲಾದಾಗ ಅದು ಹಾಗೆ ಮಾಡುವುದು ಸಹಜ, ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ, ಚಿಗುರಿತು. ಜಾವಾ ಫರ್ನ್ ಮತ್ತು ಅನುಬಿಯಾಸ್‌ಗಳ ಗೆಡ್ಡೆಯಂತಹ ಕಾಂಡವನ್ನು ಮರಳಿನಲ್ಲಿ ಹೂಳದೆ ಕಲ್ಲಿಗೆ ದಾರದಿಂದ ಕಟ್ಟಿದ್ದೇನೆ, ಹೂಳಿದರೆ ಕೊಳೆಯುತ್ತದೆ.

ಮೀನುಗಳಾಗಿ ಗಡಸು ನೀರನ್ನು ಇಷ್ಟಪಡುವ ಗಪ್ಪಿಗಳನ್ನೇ ಇಟ್ಟೆ, ಜೊತೆಗೆ ನಮ್ಮ ದೇಶದ ಹೊಳೆಗಳದ್ದೇ ಆದ ಆರು ಜೀಬ್ರಾ ಡೇನಿಯೋ. ಪಾಚಿ ತಿನ್ನುತ್ತದೆಂದು ಸಕ್ಕರ್ ಮೀನು ಕೊಡಲು ಬಂದರೆ ಬೇಡವೆನ್ನಿ. ಒಂದು ಅಡಿಗೂ ಮೀರಿ ಬೆಳೆಯುವ ಅದನ್ನು ಜನ ಕೊನೆಗೆ ಕೆರೆಗೆ ಬಿಡುತ್ತಾರೆ, ಅಲ್ಲಿ ಅದು ಸ್ಥಳೀಯ ಮೀನುಗಳ ಜಾಗವನ್ನು ಕಬಳಿಸುತ್ತದೆ.

ತಿಂಗಳಿಗೆ ದೀಪ ಮತ್ತು ಪಂಪ್ ಸೇರಿ ಏಳು ಯೂನಿಟ್‌ನೊಳಗೆ ವಿದ್ಯುತ್ ಹಿಡಿಯುತ್ತದೆ. ಆವಿಯಾದ ನೀರಿನ ಬದಲು ಮತ್ತೆ ಗಡಸು ನೀರನ್ನೇ ತುಂಬಿದ್ದರಿಂದ ಗಾಜಿನ ಮೇಲೆ ಬಿಳಿ ಗೆರೆ ಕಟ್ಟಿತ್ತು. ಈಗ ತಾರಸಿಯಲ್ಲಿ ಹಿಡಿದ ಮಳೆ ನೀರು ತುಂಬುತ್ತೇನೆ. ಎರಡು ವರ್ಷ ಕಳೆದ ಮೇಲೆ ಕ್ರಿಪ್ಟೋಕೋರೈನ್ ಎಲೆಗಳು ಸಣ್ಣಗಾಗಿ, ನರಗಳ ನಡುವೆ ಹಳದಿಯಾಗತೊಡಗಿವೆ, ತಳದ ಮಣ್ಣಿನ ಸತ್ವ ಇಳಿದಿರುವಂತೆ ಕಾಣುತ್ತದೆ. ತೊಟ್ಟಿಯನ್ನು ಬಿಚ್ಚುವ ಬದಲು ಅದೇ ಗೋಡನ್ನು ಗೋಲಿಯಷ್ಟು ಉಂಡೆ ಕಟ್ಟಿ ತಾರಸಿಯ ಮೇಲೆ ಒಣಗಲು ಇಟ್ಟಿದ್ದೇನೆ. ಭಾನುವಾರ ಒಂದೊಂದು ಗಿಡದ ಬುಡಕ್ಕೆ ಎರಡೆರಡು ಒತ್ತಬೇಕು.